ಅಣ್ಣನ ಹಿಂದೆ ಐದು ದಿನ: ಉದಯರವಿಯಿಂದ ಕವಿಶೈಲಕ್ಕೆ

ಕಾಡು, ಗುಡ್ಡ, ಹೊಳೆ ಎಂದರೆ ಹೊರಟು ನಿಲ್ಲುತ್ತಿದ್ದ, ಹೊರಡುವಾಗ ಮಕ್ಕಳನ್ನೂ ಎಬ್ಬಿಸಿ ಜೊತೆಗೆ ಕರೆದೊಯ್ಯುತ್ತಿದ್ದ ಅಪ್ಪ ತೀರಿಕೊಂಡ ಮೇಲೆ, ಅವರ ನೆನಪಿಗೆ ಗೋಡೆಯ ಫೋಟೊ ಸಾಲುವುದಿಲ್ಲ. ಅಂಥ ಅಪ್ಪನನ್ನು ನಡೆಯುತ್ತಲೇ ನೆನೆಯಬೇಕು. ಕನ್ನಡ ನಾಡಿನಲ್ಲಿ ಹಾಗೆ ನಡೆಯುವುದಕ್ಕೆ ಒಂದು ದಾರಿ ಇದೆ. ಆ ದಾರಿಯ ಅಪ್ಪನನ್ನು ಮಕ್ಕಳು ಅಪ್ಪ ಎಂದು ಕರೆಯಲಿಲ್ಲ, ‘ಅಣ್ಣ’ ಎಂದು ಕರೆದರು. ನಮಗೆಲ್ಲ ಅವರು ಕುವೆಂಪು. ಅವರ ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿ ಅಪ್ಪನ ಬಗ್ಗೆ ಬರೆದ ನೆನಪಿನ ಪುಸ್ತಕದ ಹೆಸರಿನಲ್ಲೂ ಇರುವುದು ಅಣ್ಣನೇ.

ಹೆಚ್ಚಿನವರು ನೇರ ಕುವೆಂಪು ಬೆಳೆದ ಊರು ಕುಪ್ಪಳಿಗೆ ಹೋಗುತ್ತಾರೆ. ಮನೆ ನೋಡಿ, ಅವರ ಸಮಾಧಿಯಿರುವ ಗುಡ್ಡ ಕವಿಶೈಲ ಹತ್ತಿ, ಫೋಟೊ ತೆಗೆಸಿಕೊಂಡು ಗಂಟೆಯೊಳಗೆ ಇಳಿದು ಬಿಡುತ್ತಾರೆ. ಅಲ್ಲಿ ಕವಿ ಸಿಗುತ್ತಾರೆ, ಅಪ್ಪ ಸಿಗುವುದಿಲ್ಲ. ಅಪ್ಪ ಸಿಗಬೇಕಾದರೆ ಮೈಸೂರಿನಿಂದ ಹೊರಡಬೇಕು. ಕುವೆಂಪು ತಂದೆಯಾದದ್ದು ಆ ಊರಿನ ಸಂಸಾರದಲ್ಲಿ. ಅಲ್ಲಿಂದ ಮಗ ತೋಟ ಕಟ್ಟಿಕೊಂಡ ಮೂಡಿಗೆರೆ, ಕೊನೆಗೆ ಇಬ್ಬರೂ ಮಣ್ಣಾದ ಕುಪ್ಪಳಿ. ಸುತ್ತಾಟ ಸೇರಿಸಿದರೂ ಸುಮಾರು 450 ಕಿ.ಮೀ. ಒಳಗೆ ಮುಗಿಯುತ್ತದೆ. ಮೂರು ದಿನದಲ್ಲೂ ಮುಗಿಸಬಹುದು, ಆದರೆ ಆಗ ನೆನಪಿನಲ್ಲಿ ಉಳಿಯುವುದು ಕಾರಿನ ಕಿಟಕಿ ಮಾತ್ರ.

ಕಾಲ ನೋಡಿಕೊಂಡು ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ ಚೆಂದ, ಆದರೆ ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತುವ ಕಾಲವಲ್ಲ. ಬಂಡೆ ಪಾಚಿಗಟ್ಟಿರುತ್ತದೆ, ಹೆಜ್ಜೆಗೊಂದು ರಕ್ತ ಹೀರುವ ಇಂಬಳ. ಡಿಸೆಂಬರ್‌ನಿಂದ ಮೇವರೆಗೆ ಇನ್ನೊಂದು ಎಚ್ಚರ ಬೇಕು: ತೀರ್ಥಹಳ್ಳಿ, ಕೊಪ್ಪ ಸೀಮೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ತಿಂಗಳುಗಳಿವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ, ಹರಡುತ್ತದೆ. ಈ ಎರಡು ಕಾಟಗಳ ನಡುವಿನ ಸಂದು ನವೆಂಬರ್. ಮಳೆ ನಿಂತಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಬೆಳಗಿನ ಮಂಜು ಶುರುವಾಗಿರುತ್ತದೆ. ಕುವೆಂಪು ತೀರಿಕೊಂಡದ್ದೂ ಇದೇ ತಿಂಗಳಲ್ಲಿ, 1994ರ ನವೆಂಬರ್ 11ರಂದು.

ಚೀಲ ಹಗುರವಾಗಿರಲಿ. ಒಬ್ಬೊಬ್ಬರಿಗೆ ಹಿಡಿತವಿರುವ ಒಂದು ಜೊತೆ ಶೂ, ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲ, ಮಂಕು ಬಣ್ಣದ ತುಂಬುತೋಳಿನ ಅಂಗಿ, ಟಾರ್ಚು. ಇಡೀ ಮನೆಗೆ ಒಂದು ದುರ್ಬೀನು ಸಾಕು, 8x42 ಅಳತೆಯದು. ಇನ್ನೂ ಹೆಚ್ಚು ದೊಡ್ಡದು ಮಾಡಿ ತೋರಿಸುವುದನ್ನು ಕೊಂಡರೆ ಮಕ್ಕಳ ಕೈಯಲ್ಲಿ ಅದು ನಡುಗಿ ಹಕ್ಕಿ ನಿಲ್ಲುವುದೇ ಇಲ್ಲ. ಗೆರೆ ಹಾಕದ ಒಂದು ನೋಟ್‌ಬುಕ್, ಎರಡು ಪೆನ್ಸಿಲ್. ಮಂಜಿನ ತೇವಕ್ಕೆ ಪೆನ್ನು ಕೈಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಅಪ್ಪನ ಹೆಸರು ಬರೆದುಕೊಳ್ಳಿ.

ಮೊದಲ ದಿನ: ಮೈಸೂರು

ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇರಬೇಕು. ಕುವೆಂಪು ಇದನ್ನು ಕುಕ್ಕನಹಳ್ಳಿ ಕೆರೆ ಎಂದೇ ಬರೆದರು. ಮೈಸೂರಿನ ಬದುಕಿನ ಉದ್ದಕ್ಕೂ ಅವರ ನಡಿಗೆಯ ಜಾಗ ಇದು. ಕುಪ್ಪಳಿಯ ಕಾಡು ಬಿಟ್ಟು ಬಂದ ಮಲೆನಾಡಿನ ಹುಡುಗನಿಗೆ ಬಯಲುಸೀಮೆಯ ಅಂಚಿನಲ್ಲಿ ಸಿಕ್ಕ ನೀರು, ಮರ, ತೆರೆದ ಆಕಾಶ ಇಷ್ಟೇ. ಆ ಹುಡುಗ ಹನ್ನೆರಡರ ಆಸುಪಾಸಿನಲ್ಲೇ ತನ್ನ ತಂದೆ ವೆಂಕಟಪ್ಪಗೌಡರನ್ನು ಕಳೆದುಕೊಂಡಿದ್ದ. ತಂದೆತನ ಎಂದರೇನು ಎಂದು ನೋಡಿ ಕಲಿಯಲು ಅವನಿಗೆ ಸಿಕ್ಕ ವರ್ಷಗಳು ಕಡಿಮೆ. ಈ ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಐದು ದಿನ ನೋಡುವುದೆಲ್ಲ ಬೇರೆಯಾಗಿ ಕಾಣುತ್ತದೆ.

ಕೆರೆಗೆ ಬೆಳಿಗ್ಗೆ ಮತ್ತು ಸಂಜೆ ಮಾತ್ರ ಪ್ರವೇಶ. ಸೂರ್ಯ ಬೆನ್ನಿಗಿರುವಂತೆ ನಡೆಯಿರಿ. ಬೆಳಿಗ್ಗೆ ಬಿಸಿಲಿಗೆ ಎದುರಾಗಿ ನಿಂತರೆ ನೀರಿನ ಹಕ್ಕಿಗಳೆಲ್ಲ ಕಪ್ಪು ನೆರಳಾಗಿಯೇ ಕಾಣುತ್ತವೆ, ಬಣ್ಣ ಕಾಣದೆ ಮಕ್ಕಳು ಬೇಸರಪಡುತ್ತಾರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ ಇಲ್ಲಿ ಸಾಮಾನ್ಯ. ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂರುವುದೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದರ ಗರಿ ನೀರು ಹೀರಿಕೊಳ್ಳುತ್ತದೆ, ಅದರಿಂದ ಮುಳುಗುವುದು ಸುಲಭ, ಹಾರುವುದು ಕಷ್ಟ. ಆದ್ದರಿಂದ ಒಣಗಿಸಿಕೊಳ್ಳಬೇಕು.

ಕೆರೆಯ ಸುತ್ತ ಇರುವುದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಆ ಹೆಸರು ಇಟ್ಟವರು 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಅವರೇ. ಇಲ್ಲಿಂದ ಒಂಟಿಕೊಪ್ಪಲಿನಲ್ಲಿರುವ ಕುವೆಂಪು ಅವರ ಮನೆ ‘ಉದಯರವಿ’ ನಡೆದು ಹೋಗುವಷ್ಟೇ ದೂರ. ಅದು ಇಂದಿಗೂ ಮನೆ, ಸಂಗ್ರಹಾಲಯವಲ್ಲ. ರಸ್ತೆಯಿಂದಲೇ ಎರಡು ನಿಮಿಷ ನಿಂತು ನೋಡಿ ಬನ್ನಿ. ಗೇಟು ತಟ್ಟುವುದು, ಒಳಗಿನವರ ಫೋಟೊ ತೆಗೆಯುವುದು ಸಲ್ಲದು.

ಮನೆಯ ಎದುರು ನಿಂತಾಗ ಮಕ್ಕಳಿಗೆ ಆ ಮನೆಯ ಹೆಸರುಗಳನ್ನು ಹೇಳಿ. 1937ರಲ್ಲಿ ಹೇಮಾವತಿಯವರೊಂದಿಗೆ ಮದುವೆ, ಮರುವರ್ಷ ಸೆಪ್ಟೆಂಬರ್ 8ರಂದು ಮೊದಲ ಮಗು ಪೂರ್ಣಚಂದ್ರ ತೇಜಸ್ವಿ. ಆಮೇಲೆ ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತುಂಬಿದ ಚಂದ್ರ, ಕೋಗಿಲೆ ದನಿಯೆತ್ತುವ ಚೈತ್ರ, ಚಂದ್ರನ ಕಲೆ, ದಾಟಿಸುವ ದೋಣಿ. ಮನೆಗೆ ಏಳುತ್ತಿರುವ ಸೂರ್ಯ. ಊಟಕ್ಕೆ ಬನ್ನಿ ಎಂದು ಮನೆಮಂದಿಯನ್ನೆಲ್ಲ ಕೂಗಿದರೆ ಅರ್ಧ ಆಕಾಶವನ್ನೇ ಕೂಗಿದಂತಾಗುತ್ತಿತ್ತು. ಕುಪ್ಪಳಿಯನ್ನು ಮೈಸೂರಿಗೆ ಹೊತ್ತು ತರಲಾಗದ ಅಪ್ಪ ಅದನ್ನು ಮಕ್ಕಳ ಹೆಸರಿನಲ್ಲಿ ತಂದಿಟ್ಟುಕೊಂಡರು ಎಂದೇ ನಮಗೆ ತೋರುತ್ತದೆ.

ಮಧ್ಯಾಹ್ನ ವಿಶ್ರಾಂತಿ. ರಾತ್ರಿ ಬೇಗ ಮಲಗಿ.

ಎರಡನೆಯ ದಿನ: ಮೈಸೂರಿನಿಂದ ಮೂಡಿಗೆರೆ

ಮೈಸೂರಿನಿಂದ ಕೃಷ್ಣರಾಜನಗರ, ಹೊಳೆನರಸೀಪುರ ದಾಟಿ ಹಾಸನ ಸುಮಾರು 120 ಕಿ.ಮೀ. ಅಲ್ಲಿಂದ ಬೇಲೂರಿನ ಮೇಲೆ ಮೂಡಿಗೆರೆಗೆ ಇನ್ನೊಂದು 70 ಕಿ.ಮೀ. ಏಳಕ್ಕೆ ಹೊರಟರೆ ತಿಂಡಿಗೆ ನಿಂತರೂ ಮಧ್ಯಾಹ್ನದ ಊಟಕ್ಕೆ ಮೂಡಿಗೆರೆ. ಬೇಲೂರಿನವರೆಗೆ ಬಯಲು, ಆಮೇಲೆ ಒಂದೊಂದೇ ತಿರುವಿಗೆ ನೆರಳು ದಟ್ಟವಾಗುತ್ತದೆ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ತಿರುವಿನಲ್ಲಿ ವಾಂತಿಯಾಗುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ತೆಗೆದಿಡಿ, ಹೊಟ್ಟೆ ತೀರ ಖಾಲಿಯೂ ಬೇಡ, ತುಂಬಿಯೂ ಬೇಡ. ಎರಡು ಇಡ್ಲಿ ಸರಿ, ಮಸಾಲೆ ದೋಸೆ ತಪ್ಪು.

ಎಂ.ಎ. ಮುಗಿಸಿದ ಮಗ ತಂದೆಯಂತೆ ಮೇಷ್ಟ್ರಾಗದೆ ಈ ಕಾಡಿಗೆ ಬಂದು ಕಾಫಿ ಬೆಳೆಯಲು ನಿಂತರು. ಮೊದಲ ತೋಟ ಭೂತನಕಾಡಿನಲ್ಲಿ, ಹೆಸರು ಚಿತ್ರಕೂಟ. ಅಪ್ಪ ರಾಮಾಯಣ ಬರೆದವರು, ಮಗನ ವನವಾಸಕ್ಕೆ ಇದಕ್ಕಿಂತ ಹೊಂದುವ ಹೆಸರು ಎಲ್ಲಿತ್ತು? 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ನಡೆದದ್ದು ಮಂತ್ರಮಾಂಗಲ್ಯದ ಕ್ರಮದಲ್ಲಿ. ವರದಕ್ಷಿಣೆ, ಮುಹೂರ್ತ, ಆಡಂಬರ ಯಾವುದೂ ಇಲ್ಲದೆ, ಗಂಡುಹೆಣ್ಣು ಸಮಾನರೆಂದು ಎಲ್ಲರೆದುರು ಒಪ್ಪಿ ಓದಿಕೊಳ್ಳುವ ಆ ವಿಧಾನವನ್ನು ರೂಪಿಸಿದವರು ಕುವೆಂಪು. ಊರಿಗೆ ಹೇಳುವ ಮೊದಲು ಅದನ್ನು ತಮ್ಮ ಮನೆಯಲ್ಲೇ ಮಾಡಿ ತೋರಿಸಿದರು. ಇವತ್ತಿಗೂ ಕುಪ್ಪಳಿಗೆ ಹೋಗಿ ಮಂತ್ರಮಾಂಗಲ್ಯದಲ್ಲಿ ಮದುವೆಯಾಗುವ ಜೋಡಿಗಳಿದ್ದಾರೆ.

ಆಮೇಲಿನ ಮನೆ ‘ನಿರುತ್ತರ’, ಮೂಡಿಗೆರೆಯ ಪಕ್ಕದಲ್ಲೇ. ತೇಜಸ್ವಿ 2007ರ ಏಪ್ರಿಲ್ 5ರಂದು ತೀರಿಕೊಂಡದ್ದು ಅಲ್ಲಿ. ಇಬ್ಬರು ಹೆಣ್ಣುಮಕ್ಕಳು ಬೆಳೆದದ್ದು ಆ ಕಾಫಿ ಗಿಡಗಳ ನಡುವೆ. ಅದೂ ಖಾಸಗಿ ತೋಟ, ಒಳಗೆ ನುಗ್ಗಬೇಡಿ. ನೋಡಬೇಕಾದ್ದು ನಾಳೆ ಕೊಟ್ಟಿಗೆಹಾರದಲ್ಲಿದೆ.

ಈ ಸಂಜೆ ಉಳಿದುಕೊಂಡ ಜಾಗದ ಸುತ್ತಲೇ ಅರ್ಧ ಗಂಟೆ ಸುಮ್ಮನೆ ಕೂತು ಬಿಡಿ. ಹೋಮ್‌ಸ್ಟೇ ಆರಿಸುವಾಗ ಈಜುಕೊಳ ಕೇಳುವ ಬದಲು ತೋಟದೊಳಗೆ ನಡೆದಾಡಲು ಬಿಡುತ್ತಾರೆಯೇ ಎಂದು ಕೇಳಿ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣು ಕೆಂಪಾಗುತ್ತಿರುತ್ತದೆ, ಕೊಯ್ಲು ಶುರುವಾಗಿರುತ್ತದೆ. ರೊಬಸ್ಟಾ ಹಣ್ಣಾಗಲು ಜನವರಿ ಆಗಬೇಕು. ಹೂವು ನೋಡಬೇಕಾದವರು ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದ ಒಂದೆರಡು ವಾರದೊಳಗೆ ಬರಬೇಕು.

ಮೂರನೆಯ ದಿನ: ಕೊಟ್ಟಿಗೆಹಾರ, ಒಂದು ಹಳ್ಳ, ಒಂದು ಗಾಳ

ಬೆಳಗಿನ ತಿಂಡಿಗೆ ಕೊಟ್ಟಿಗೆಹಾರದ ನೀರುದೋಸೆ. ಚಾರ್ಮಾಡಿ ಘಾಟಿ ಇಳಿಯುವ ಮುಂಚಿನ ಕೂಡುರಸ್ತೆಯ ಊರು ಇದು, ಮಂಜು ಯಾವ ಹೊತ್ತಿಗೂ ಬರಬಹುದು. ಹೆಡ್‌ಲೈಟನ್ನು ತಗ್ಗಿಸಿಯೇ ಓಡಿಸಿ. ಎತ್ತರಿಸಿದರೆ ಬೆಳಕು ಮಂಜಿಗೆ ಬಡಿದು ತಿರುಗಿ ನಿಮ್ಮ ಕಣ್ಣಿಗೇ ಬರುತ್ತದೆ.

ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನ ಇಲ್ಲಿದೆ. ತೇಜಸ್ವಿ ಏನೇನನ್ನು ನೋಡಿ ಬೆರಗಾಗುತ್ತಿದ್ದರೋ ಅದರ ಒಂದು ತುಣುಕು ಇಲ್ಲಿ ಸಿಗುತ್ತದೆ: ಹಕ್ಕಿ, ಕೀಟ, ಚಿತ್ರ, ಪುಸ್ತಕ. ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ರಜೆ ಯಾವತ್ತು ಎಂದು ಫೋನ್ ಮಾಡಿ ಕೇಳಿಕೊಂಡೇ ಬನ್ನಿ.

ಮಧ್ಯಾಹ್ನದ ನಂತರದ್ದು ಈ ಪ್ರವಾಸದ ನಡುಗಂಬ. ತೇಜಸ್ವಿಯವರಿಗೆ ಗಾಳ ಹಾಕಿ ಹೊಳೆಯ ಬದಿಯಲ್ಲಿ ಕೂರುವುದೆಂದರೆ ಪ್ರಾಣ. ಈ ಸೀಮೆಯ ಹೊಳೆ ಹೇಮಾವತಿ, ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯಲ್ಲಿ. ಅಮ್ಮನ ಹೆಸರಿನ ಹೊಳೆಯ ಸೀಮೆಯಲ್ಲಿ ಮಗ ಬದುಕು ಕಟ್ಟಿಕೊಂಡರು. ಬೇಕೆಂದು ಮಾಡಿದ್ದಲ್ಲದಿರಬಹುದು, ಆದರೂ ನೀರಿನ ಬದಿಯಲ್ಲಿ ಕೂತಾಗ ಆ ಹೆಸರು ಬೇರೆಯೇ ಆಗಿ ಕೇಳುತ್ತದೆ.

ಮೊದಲು ಜಾಗ. ಯಾರ ತೋಟದ ಮೂಲಕ ಹಳ್ಳಕ್ಕೆ ಇಳಿಯುತ್ತೀರೋ ಅವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ದೊಡ್ಡ ಹೊಳೆಗೆ ಮೀನುಗಾರಿಕೆ ಇಲಾಖೆಯ ಅನುಮತಿ ಬೇಕೇ ಎಂದು ವಿಚಾರಿಸಿ. ದೇವಸ್ಥಾನದ ಮುಂದಿನ ಮಡು, ಮತ್ಸ್ಯಧಾಮ ಎಂದು ಬೋರ್ಡು ಹಾಕಿದ ನೀರು, ಮೀಸಲು ಅರಣ್ಯದ ಹಳ್ಳ ಇವುಗಳಲ್ಲಿ ಗಾಳ ಹಾಕಲೇಬಾರದು. ಮಳೆ ಹಿಡಿದ ಜೂನ್, ಜುಲೈಯಲ್ಲಂತೂ ಬೇಡವೇ ಬೇಡ. ಆಗ ಹತ್ತುಮೀನು ಮೊಟ್ಟೆ ಇಡಲು ಹೊಸ ನೀರಿಗೆ ಎದುರಾಗಿ ಮೇಲೇರುತ್ತಿರುತ್ತವೆ. ಒಂದನ್ನು ಹಿಡಿದರೆ ಸಾವಿರ ಮರಿ ಹಿಡಿದಂತೆ.

ಕೋಲಿಗೆ ಒಣಗಿದ ವಾಟೆ ಗಳ ಒಳ್ಳೆಯದು, ಹಗುರ, ತುದಿ ಬಳುಕುತ್ತದೆ. ಎಂಟು ಅಡಿ ಉದ್ದ ಸಾಕು, ಎಂಟು ವರ್ಷದ ಮಗುವಿಗಾದರೆ ಆರು ಅಡಿ. ಹಸಿ ಗಳ ಬೇಡ, ಭಾರಕ್ಕೆ ಹತ್ತು ನಿಮಿಷದಲ್ಲಿ ಕೈ ಸೋಲುತ್ತದೆ. ತಂಗೂಸು ದಾರ 0.20 ಅಥವಾ 0.25 ಮಿ.ಮೀ. ದಪ್ಪದ್ದು. ಉದ್ದ ಕೋಲಿಗಿಂತ ಒಂದು ಗೇಣು ಕಡಿಮೆ ಇರಲಿ. ಕೋಲಿಗಿಂತ ಉದ್ದವಾದರೆ ಮೀನು ಮೇಲೆತ್ತಿದಾಗ ಕೈಗೆ ಸಿಗದೆ ತೂಗಾಡಿ ಹಿಂದಿನ ಗಿಡಕ್ಕೆ ಸುತ್ತಿಕೊಳ್ಳುತ್ತದೆ. ಮಕ್ಕಳ ಮೊದಲ ಗಾಳ ಹಾಳಾಗುವುದೇ ಹೀಗೆ. ಗಾಳದ ಕೊಕ್ಕೆ 12 ಅಥವಾ 14ನೇ ನಂಬರಿನದು. ನಂಬರ್ ಹೆಚ್ಚಾದಷ್ಟು ಕೊಕ್ಕೆ ಸಣ್ಣದು ಎಂಬುದು ನೆನಪಿರಲಿ. ಅಂಗಡಿಯಲ್ಲಿ ಸಿಕ್ಕ ದೊಡ್ಡ ಕೊಕ್ಕೆ ತಂದರೆ ಹಳ್ಳದ ಸಣ್ಣ ಮೀನು ಹುಳ ಕಿತ್ತು ತಿಂದು ಹೋಗುತ್ತವೆ, ಬೆಂಡು ಕುಣಿಯುತ್ತಲೇ ಇರುತ್ತದೆ, ಮೀನು ಮಾತ್ರ ಬರುವುದಿಲ್ಲ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನಿಗೂ ಕಡಿಮೆ ನೋವು, ಮಗುವಿನ ಬೆರಳಿಗೆ ಚುಚ್ಚಿದರೆ ತೆಗೆಯುವುದೂ ಸುಲಭ.

ಗಂಟು ಹಾಕುವಾಗ ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ತನ್ನದೇ ಮೇಲೆ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಸಂದಿಯಲ್ಲಿ ಹಾಯಿಸಿ ಎಳೆಯಬೇಕು. ಎಳೆಯುವ ಮೊದಲು ಗಂಟನ್ನು ನೀರಿನಲ್ಲಿ ಅದ್ದಿ. ಒಣದಾರ ಉಜ್ಜಿದ ಬಿಸಿಗೆ ಒಳಗೇ ಸೋತು, ಮೀನು ಸಿಕ್ಕ ಹೊತ್ತಿನಲ್ಲಿ ಅಲ್ಲೇ ಕಡಿಯುತ್ತದೆ.

ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂಬುದರಲ್ಲಿ ಅರ್ಧ ವಿದ್ಯೆ ಇದೆ. ಹುಳ ತಳಕ್ಕಿಂತ ನಾಲ್ಕು ಬೆರಳು ಮೇಲೆ ತೂಗಬೇಕು. ಬೆಂಡು ಅಡ್ಡ ಮಲಗಿದರೆ ಹುಳ ತಳ ಮುಟ್ಟಿದೆ ಎಂದರ್ಥ, ಬೆಂಡನ್ನು ದಾರದಲ್ಲಿ ಕೊಕ್ಕೆಯ ಕಡೆಗೆ ಸ್ವಲ್ಪ ಕೆಳಗಿಳಿಸಿ. ಎರೆಹುಳುವನ್ನು ಇಡಿಯಾಗಿ ಕಟ್ಟಬೇಡಿ, ಅರ್ಧ ಇಂಚು ಸಾಕು. ನೆರಳು ನೀರಿನ ಮೇಲೆ ಬೀಳದಂತೆ ಕೂತುಕೊಳ್ಳಿ, ದಡದಲ್ಲಿ ಕಾಲು ಬಡಿಯಬೇಡಿ. ಮಾತಿಗಿಂತ ಹೆಜ್ಜೆಯ ಅದುರು ಮೀನಿಗೆ ಬೇಗ ಮುಟ್ಟುತ್ತದೆ. ಬೆಂಡು ಕುಣಿದಾಗ ಎಳೆಯಬಾರದು, ಪೂರ್ತಿ ಮುಳುಗಿ ಪಕ್ಕಕ್ಕೆ ಸಾಗಿದಾಗ ಮಣಿಕಟ್ಟಿನಿಂದ ಮೆಲ್ಲಗೆ ಎತ್ತಬೇಕು. ಬಿಟ್ಟುಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ. ಒಣಕೈಗೆ ಅದರ ಮೈಲೋಳೆ ಅಂಟಿ ಬಂದರೆ ಮೀನಿಗೆ ರೋಗ ತಗಲುತ್ತದೆ.

ಎರಡು ಗಂಟೆಯಲ್ಲಿ ಒಂದೂ ಸಿಗದಿರಬಹುದು. ಗಾಳ ಹಾಕಿದ ಅಪ್ಪನ ಪಕ್ಕ ಕೂತ ಮಗುವಿಗೆ ಸಿಗುವುದು ಆ ಎರಡು ಗಂಟೆ. ಹಳ್ಳದ ಮೇಲೆ ಸಿಳ್ಳಾರ ಹಕ್ಕಿ ಹಾಡಿದರೆ ಗುರುತು ಸುಲಭ: ಮನುಷ್ಯ ಯಾರೋ ಸೋಮಾರಿಯಾಗಿ ಶಿಳ್ಳೆ ಹಾಕುತ್ತಿದ್ದಾನೆ ಅನ್ನಿಸುತ್ತದೆ. ಅದು ಹೆಚ್ಚಾಗಿ ಹಾಡುವುದು ಮಳೆಗಾಲದಲ್ಲಿ, ನವೆಂಬರ್‌ನಲ್ಲಿ ಒಂದೆರಡು ಎಳೆ ಕೇಳಿದರೂ ಅದೃಷ್ಟ. ನೀರಿನ ಬಣ್ಣ ತಟ್ಟನೆ ಕೆಂಪಾದರೆ, ಎಲೆಕಸ ತೇಲಿ ಬರತೊಡಗಿದರೆ, ಮೇಲೆಲ್ಲೋ ಮಳೆಯಾಗಿದೆ. ಗಾಳ ಬಿಟ್ಟು ಮೊದಲು ದಡ ಹತ್ತಿ. ತುಂಡಾದ ತಂಗೂಸನ್ನು ಅಲ್ಲೇ ಬಿಡಬೇಡಿ, ಹಕ್ಕಿಯ ಕಾಲಿಗೆ ಅದು ಉರುಳು.

ನಾಲ್ಕನೆಯ ದಿನ: ಕೊಪ್ಪದ ಮೇಲೆ ಕುಪ್ಪಳಿಗೆ

ಆಲ್ದೂರು, ಬಾಳೆಹೊನ್ನೂರು ದಾಟಿ ಕೊಪ್ಪ. ಕಿಲೋಮೀಟರ್ ಲೆಕ್ಕ ಕಡಿಮೆ, ತಿರುವಿನ ಲೆಕ್ಕ ಹೆಚ್ಚು, ಅರ್ಧ ದಿನ ಇಟ್ಟುಕೊಳ್ಳಿ. ಪೆಟ್ರೋಲ್ ಮೂಡಿಗೆರೆಯಲ್ಲೇ ತುಂಬಿಸಿ, ನಗದು ಸ್ವಲ್ಪ ಇರಲಿ, ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ. ನಡುವೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಅವರ ತಾಯಿ ಸೀತಮ್ಮನವರ ತವರು. 1904ರ ಡಿಸೆಂಬರ್ 29ರಂದು ಕೂಸು ಹುಟ್ಟಿದ್ದು ಅಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ.

ಕುಪ್ಪಳಿ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ತೀರ್ಥಹಳ್ಳಿ–ಕೊಪ್ಪ ರಸ್ತೆಯ ಒಳಬದಿಗೆ. ಉಳಿದುಕೊಳ್ಳಲು ಕುವೆಂಪು ಪ್ರತಿಷ್ಠಾನದ ವ್ಯವಸ್ಥೆ ಇದೆ, ಆದರೆ ಮೊದಲೇ ಕೇಳಿ ಕಾಯ್ದಿರಿಸಬೇಕು. ಡಿಸೆಂಬರ್ 29ರ ಆಸುಪಾಸಿನಲ್ಲಿ ಕಾರ್ಯಕ್ರಮದ ಜನ, ಜಾಗ ಸಿಗುವುದು ಕಷ್ಟ. ಸಿಗದಿದ್ದರೆ ತೀರ್ಥಹಳ್ಳಿಯಲ್ಲಿ ಉಳಿದು ಬನ್ನಿ, 18 ಕಿ.ಮೀ. ಅಷ್ಟೆ.

ಕವಿಮನೆ ಮೂರು ಅಂತಸ್ತಿನ ಹಳೆಯ ಮಲೆನಾಡ ಮನೆ. ಚಪ್ಪಲಿ ಹೊರಗೆ. ಒಳಗೆ ಅವಸರ ಬೇಡ. ಪ್ರಶಸ್ತಿ, ಹಸ್ತಪ್ರತಿಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ, ಅಡಿಗೆ ಪಾತ್ರೆ ಮತ್ತು ಬೇಸಾಯದ ಸಾಮಾನಿನ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಒಂದು ಕೂಡುಕುಟುಂಬ ಮಳೆಗಾಲದ ನಾಲ್ಕು ತಿಂಗಳನ್ನು ಹೇಗೆ ಕಳೆಯುತ್ತಿತ್ತು ಎಂಬುದನ್ನು ಆ ಸಾಮಾನೇ ಹೇಳುತ್ತದೆ. ಮಹಡಿಯ ಮರದ ಹಲಗೆಯ ಮೇಲೆ ಮಕ್ಕಳು ಓಡದಂತೆ ನೋಡಿಕೊಳ್ಳಿ.

ಕವಿಶೈಲಕ್ಕೆ ಸಂಜೆ ನಾಲ್ಕೂವರೆಗೆ ಹೊರಡಿ. ಮನೆಯ ಹಿಂದಿನ ಗುಡ್ಡ, ಅಜ್ಜಿಯ ನಡಿಗೆಗೂ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಂಬಳ ಉಳಿದಿರುವ ಕಾಲವಾದರೆ ಹೊಗೆಸೊಪ್ಪನ್ನು ಸುಣ್ಣದ ಜೊತೆ ನೀರಿನಲ್ಲಿ ನೆನೆಸಿ ಕಾಲುಚೀಲಕ್ಕೆ ಸವರಿಕೊಳ್ಳಿ, ಚರ್ಮಕ್ಕಲ್ಲ. ಹಿಡಿದ ಇಂಬಳವನ್ನು ಕಿತ್ತೆಸೆಯಬೇಡಿ, ಉಗುರನ್ನು ಅದರ ಬಾಯಿಯ ಅಡಿಗೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಜೊಲ್ಲು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ, ಹೆದರಬೇಕಿಲ್ಲ. ಸೋಪು ನೀರಿನಲ್ಲಿ ತೊಳೆದು ಒತ್ತಿ ಹಿಡಿದರೆ ಸಾಕು.

ಮೇಲೆ, ದೊಡ್ಡ ಕಲ್ಲುಕಂಬಗಳ ಮೇಲೆ ತೊಲೆಗಲ್ಲು ಹೊರಿಸಿದ ವೃತ್ತ. ಆದಿಮಾನವರು ನಿಲ್ಲಿಸಿದ ಕಲ್ಲುಗಳಂತೆ ಕಾಣುವ ಇದನ್ನು ರೂಪಿಸಿದವರು ಕಲಾವಿದ ಕೆ.ಟಿ. ಶಿವಪ್ರಸಾದ್. ಕುವೆಂಪು ಸಮಾಧಿ ಇಲ್ಲಿದೆ. ಹತ್ತಿರದ ಬಂಡೆಯಲ್ಲಿ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಕೆತ್ತಿದ ಸಹಿಗಳು. ಗುರುಗಳನ್ನು ತನ್ನ ಬಾಲ್ಯದ ಬಂಡೆಗೆ ಕರೆತಂದ ಶಿಷ್ಯ. ಸಹಿ ನೋಡಿದ ಮಕ್ಕಳಿಗೆ ತಾವೂ ಕೆತ್ತುವ ಆಸೆ ಹುಟ್ಟುತ್ತದೆ. ಆಗ ನೋಟ್‌ಬುಕ್ ಕೊಡಿ.

ಈ ಬಂಡೆಯ ಮೇಲೆ ಮಾತು ಬೇಡ ಎಂದು ಕವಿಯೇ ಕೇಳಿಕೊಂಡಿದ್ದಾರೆ. ಅದನ್ನು ನಡೆಸಿಕೊಡಿ. ಐದು ವರ್ಷದ ಮಗುವಿಗೆ ಸುಮ್ಮನಿರು ಎಂದರೆ ಆಗುವುದಿಲ್ಲ, ಎಷ್ಟು ಹಕ್ಕಿಯ ದನಿ ಕೇಳಿತು, ಬೆರಳಲ್ಲಿ ಎಣಿಸು ಎಂದರೆ ಆಗುತ್ತದೆ. ಪಿಕಳಾರ, ಕಾಜಾಣ, ಕುಟ್ರುಹಕ್ಕಿ, ಮಡಿವಾಳ, ಕಾಮಳ್ಳಿ. ಕನ್ನಡದ ಓದುಗರು ಈ ಹೆಸರುಗಳನ್ನು ಪುಸ್ತಕದಲ್ಲಿ ಕಲಿತವರು, ಇಲ್ಲಿ ಅವು ಹೆಸರಿಲ್ಲದೆಯೇ ಕೂಗುತ್ತವೆ. ಪಶ್ಚಿಮಕ್ಕೆ ಬೆಟ್ಟದ ಹಿಂದೆ ಬೆಟ್ಟ, ನಡುವೆ ಕುಂದಾದ್ರಿ. ಸೂರ್ಯ ಮುಳುಗಿದ ಕೂಡಲೇ ಎದ್ದು ಬಿಡಬೇಡಿ. ಬಣ್ಣ ಚೆನ್ನಾಗಿ ಬರುವುದು ಆಮೇಲಿನ ಹದಿನೈದು ನಿಮಿಷ. ಇಳಿಯಲು ಟಾರ್ಚು ಬೇಕು.

ಐದನೆಯ ದಿನ: ನವಿಲುಕಲ್ಲು, ತೇಜಸ್ವಿ ಸ್ಮಾರಕ, ಸಿಬ್ಬಲುಗುಡ್ಡೆ

ನವಿಲುಕಲ್ಲಿನ ಗುಡ್ಡ ಕುವೆಂಪು ಸೂರ್ಯೋದಯಕ್ಕೆಂದು ಹೋಗುತ್ತಿದ್ದ ಜಾಗ. ನವೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಆಸುಪಾಸು, ನೀವು ಐದೂಮುಕ್ಕಾಲಿಗೆ ಮೇಲಿರಬೇಕು. ದಾರಿ ಬಲ್ಲ ಊರಿನವರೊಬ್ಬರನ್ನು ಹಿಂದಿನ ಸಂಜೆಯೇ ಮಾತಾಡಿಕೊಳ್ಳಿ, ಕತ್ತಲಲ್ಲಿ ನೀವಾಗಿ ಹುಡುಕಬೇಡಿ. ಕಣಿವೆಯಲ್ಲಿ ಮಂಜು ಕೆನೆಯಂತೆ ಕೂತಿರುತ್ತದೆ. ಮಂಜು ಗುಡ್ಡವನ್ನೇ ಮುಚ್ಚಿದ್ದರೆ ಸೂರ್ಯ ಕಾಣುವುದಿಲ್ಲ. ಆಗ ಎಂಟರವರೆಗೆ ಕಾಯಿರಿ, ಬಿಸಿಲೇರಿದಂತೆ ಅದು ಹರಿದು ಒಂದೊಂದೇ ಗುಡ್ಡ ಹೊರಬರುವುದು ಸೂರ್ಯೋದಯಕ್ಕಿಂತ ಕಡಿಮೆಯದಲ್ಲ. ಫ್ಲಾಸ್ಕಿನಲ್ಲಿ ಒಂದು ಲೀಟರ್ ಕಾಫಿ, ನಾಲ್ವರಿಗೆ ಎರಡು ಸಲಕ್ಕೆ ಸಾಕು.

ಇಳಿದ ಮೇಲೆ ಎಲ್ಲರ ಮೈ ನೋಡಿಕೊಳ್ಳಿ: ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಮೊಣಕಾಲಿನ ಹಿಂಭಾಗ. ಉಣುಗು ಎಳ್ಳಿಗಿಂತ ಸಣ್ಣದಿರಬಹುದು. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ, ಸುಡಬೇಡಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.

ಕುಪ್ಪಳಿ ಬಿಡುವ ಮುನ್ನ ತೇಜಸ್ವಿ ಸ್ಮಾರಕ. ಅಪ್ಪ ಬಂಡೆಯ ಮೇಲೆ, ತೆರೆದ ಆಕಾಶಕ್ಕೆ. ಮಗ ಮರಗಳ ನೆರಳಿನಲ್ಲಿ. ಕವಿಶೈಲಕ್ಕೆ ಬಂದವರಲ್ಲಿ ಹಲವರು ಇಲ್ಲಿಗೆ ಬರದೆ ಹೊರಟುಹೋಗುತ್ತಾರೆ, ಅದು ನಮಗೆ ಪ್ರತಿ ಸಲವೂ ನೋವಿನ ಸಂಗತಿ. ಮೈಸೂರಿನ ಕೆರೆಯಂಚಿನಿಂದ ಅಪ್ಪ ಬರವಣಿಗೆಯಲ್ಲಿ ಹಿಂತಿರುಗುತ್ತಿದ್ದ ಕಾಡಿಗೆ ಈ ಮಗ ಕಾಲಿನಲ್ಲೇ ಹಿಂತಿರುಗಿದರು. ಸ್ವಲ್ಪ ಹೊತ್ತು ಕೂತು, ನೋಟ್‌ಬುಕ್ಕಿನ ಮೊದಲ ಪುಟ ತೆರೆದು, ನಿಮ್ಮ ಅಪ್ಪನೊಡನೆ ನೋಡಿದ ಹೊಳೆ, ಗುಡ್ಡ, ಹಕ್ಕಿಗಳ ಹೆಸರನ್ನು ಅಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇವೆ ಎಂದರೆ ಆಗುವುದಿಲ್ಲ.

ತೀರ್ಥಹಳ್ಳಿಯ ಹತ್ತಿರ ತುಂಗೆಯ ದಡದ ಸಿಬ್ಬಲುಗುಡ್ಡೆ ದಾರಿಯ ಕೊನೆಯ ತಂಗುದಾಣ. ಹೊಳೆಯ ಮೇಲೆ ಸಾಲಾಗಿ ಹಾರಿದ ಬೆಳ್ಳಕ್ಕಿಗಳನ್ನು ಕುವೆಂಪು ಕವಿತೆಯಾಗಿಸಿದ್ದು ಈ ದಡದ ನೆನಪಿನಲ್ಲಿ. ಇದು ಮತ್ಸ್ಯಧಾಮ, ದೊಡ್ಡ ಮೀನುಗಳು ದಡಕ್ಕೇ ಬರುತ್ತವೆ. ನಿನ್ನೆ ಮೊನ್ನೆ ಗಾಳ ಹಿಡಿದ ಮಕ್ಕಳು ಇಲ್ಲಿ ಕೈ ಕಟ್ಟಿ ನೋಡಲಿ. ನೀರಿಗಿಳಿಯಬೇಡಿ, ಬಂಡೆಯ ಬುಡದಲ್ಲಿ ಆಳ ತಿಳಿಯುವುದಿಲ್ಲ. ಸಂಜೆ ಐದರ ಹೊತ್ತಿಗೆ ಬೆಳ್ಳಕ್ಕಿಗಳು ಗೂಡಿಗೆ ಹೊರಡುತ್ತವೆ, ಅವು ಹಾರುವವರೆಗೆ ಕೂರಲು ಸಮಯವಿರಲಿ. ಇಲ್ಲಿಂದ ಶಿವಮೊಗ್ಗಕ್ಕೆ ಮಂಡಗದ್ದೆಯ ಮೇಲೆ ಸುಮಾರು ಎರಡು ಗಂಟೆಯ ದಾರಿ, ರಾತ್ರಿಯ ರೈಲಿಗೆ ಆರಾಮವಾಗಿ ಸಿಗುತ್ತದೆ.